ಅಟ್ಟಣೆ ಮಾತ್ರೆ

ಗಂಡಸರು ಎದೆನೋವಿನ ಬಗ್ಗೆ ಮಾತಾಡುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆಯಂತೂ ಬಡಾಯಿ ಕೊಚ್ಚುತ್ತಾರೆ. ಉಚ್ಚೆಯ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ. ಕಳೆದ ಸುಗ್ಗಿಗೆ ಮುಂಚೆ ಬರೀ ಒಂದು ಶೀತಜ್ವರದ ದೆಸೆಯಿಂದ ನನ್ನ ಉಚ್ಚೆ ಕಟ್ಟಿತು. ಊರಿಗೆ ಊರೇ ಕೂತು ಅದನ್ನು ಚರ್ಚೆ ಮಾಡಿತು. ಇನ್ನು ನಾನು ಮುಚ್ಚಿಡಲು ಉಳಿದಿರುವುದು ಏನೂ ಇಲ್ಲ. ಈಗ ಚೆನ್ನಾಗಿದ್ದೇನೆ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಾಚಿಕೆಪಡುವವರು ಪುಟ ತಿರುಗಿಸಿಕೊಳ್ಳಲಿ.

ನಾನು ಶಿವಮಲ್ಲಪ್ಪ, ತಮಿಳುನಾಡಿನ ಗಡಿಯೊಳಗಿರುವ ತಾಳವಾಡಿ ಬೆಟ್ಟದ ತಿಗನಾರೆ ಊರಿನವನು. ಅರವತ್ತರ ಆಸುಪಾಸು. ರಾಗಿ, ಜೋಳ, ಬೋರಿನಲ್ಲಿ ನೀರಿದ್ದ ವರ್ಷ ಒಂದಿಷ್ಟು ಕೋಸು ಬೆಳೆಯುತ್ತೇನೆ. ನನ್ನ ಹೊಲದ ಬೇಲಿ ಮುಗಿಯುವ ಕಡೆ ಕಾಡು ಶುರು. ರಾಗಿ ತೆನೆ ಕಟ್ಟಿತೆಂದರೆ ಆನೆಗಳಿಗೆ ಯಾರೂ ಹೇಳಿ ಕಳಿಸಬೇಕಾಗಿಲ್ಲ. ಅಲ್ಲಿಂದ ಕೊಯ್ಲಿನವರೆಗೆ ಗಂಡಸರಿಗೆಲ್ಲ ರಾತ್ರಿ ಹಾಸಿಗೆ ಅಟ್ಟಣೆಯ ಮೇಲೆ. ಅಟ್ಟಣೆ ಎಂದರೆ ಮರದ ಕವಲಿಗೆ ಬಿದಿರು ಬಿಗಿದು, ಮೇಲೆ ಹುಲ್ಲು ಹೊದಿಸಿದ ಕಾವಲು ಜಾಗ. ನನ್ನ ಅಟ್ಟಣೆಯ ಜೊತೆಗಾರ ರಾಜಪ್ಪ, ಪಕ್ಕದ ಹೊಲದವನು, ನನ್ನ ಓರಗೆಯವನು.

ಅಟ್ಟಣೆಗೆ ಒಂದು ಕಟ್ಟುಪಾಡಿದೆ. ಸಂಜೆಯ ಮೇಲೆ ನೀರು ಮುಟ್ಟಬಾರದು. ಹತ್ತುವ ಮುಂಚೆ ಉಚ್ಚೆ ಹೊಯ್ದು ಬರಬೇಕು, ಹತ್ತಿದವನು ಬೆಳಕು ಹರಿಯುವ ತನಕ ಇಳಿಯಬಾರದು. ಮೇಲಿಂದಲೇ ಬಿಡಬಹುದಲ್ಲ ಎಂದು ನೀವು ಕೇಳುತ್ತೀರಿ. ಅಟ್ಟಣೆ ಕಟ್ಟಿದ ದಿನ ಮರದ ಬುಡದಲ್ಲಿ ಮಾದಪ್ಪನ ಹೆಸರಿನಲ್ಲಿ ಒಂದು ಕಲ್ಲಿಟ್ಟು ವಿಭೂತಿ ಹಚ್ಚಿರುತ್ತೇವೆ. ಅದರ ತಲೆಯ ಮೇಲೆ ಹೊಯ್ಯುವುದುಂಟೇ? ಹಾಗಾಗಿ ನಡುವೆ ಇಳಿಯುವವನು ಕತ್ತಲಲ್ಲಿ ದೂರ ಹೋಗಬೇಕು, ಜೊತೆಗಾರ ಅವನ ಹಿಂದೆ ಟಾರ್ಚು ಹಿಡಿದು ನಿಲ್ಲಬೇಕು, ಇಬ್ಬರ ಜೀವಕ್ಕೂ ಸಂಚಕಾರ. ಎಷ್ಟು ಹೊತ್ತು ಕಟ್ಟಿಕೊಂಡು ಕೂರಬಲ್ಲ ಎನ್ನುವುದರ ಮೇಲೆ ನಮ್ಮಲ್ಲಿ ಗಂಡಸಿನ ಬೆಲೆ ನಿಂತಿದೆ.

ಆ ಸಲ ತೆನೆ ತುಂಬುವ ಹೊತ್ತಿಗೆ ಊರಿಗೇ ಜ್ವರ ಬಿತ್ತು. ಮೈಕೈ ನೋವು, ಸೋರುವ ಮೂಗು, ಎದೆ ಹರಿಯುವ ಕೆಮ್ಮು. ನನಗೂ ಬಂತು. ಅದು ಬರಲಿ, ಎಲ್ಲರಿಗೂ ಬಂದದ್ದೇ. ಆದರೆ ಜ್ವರ ಹತ್ತಿದ ಮಾರನೆಯ ದಿನದಿಂದ ನನಗೆ ಇನ್ನೊಂದು ಶುರುವಾಯಿತು. ಗಳಿಗೆಗೊಮ್ಮೆ ಅವಸರ. ಓಡಿಹೋದರೆ ನಾಲ್ಕು ಹನಿ, ಜೊತೆಗೆ ಸಣ್ಣ ಉರಿ. ಜೋರಾಗಿ ಕೆಮ್ಮಿದರೆ ಪಂಚೆಯೂ ಒದ್ದೆ. ಜ್ವರವಿದ್ದರೂ ಕಾವಲು ಬಿಡುವಂತಿಲ್ಲ, ಹಾಗಾಗಿ ಅಟ್ಟಣೆ ಹತ್ತುವುದು ಇಳಿಯುವುದೇ ಕೆಲಸವಾಯಿತು. ಪ್ರತಿ ಸಲ ಟಾರ್ಚು ಹಿಡಿದು ನಿಂತು ರಾಜಪ್ಪನಿಗೆ ರೇಗಿಹೋಯಿತು.

"ಏನ್ಲಾ ಸಿವಮಲ್ಲ, ಆನೆ ಕಾಯಕ್ ಬಂದಿದ್ದೀಯೋ, ಒಲಕ್ಕೆ ನೀರ್ ಕಟ್ಟಕ್ ಬಂದಿದ್ದೀಯೋ?" ಅಂದ.

ಮಾನ ಹೋಯಿತು. ಮಾರನೆಯ ದಿನ ಅಂಗಡಿಗೆ ಹೋಗಿ ಶೀತದ ಮಾತ್ರೆ ತಂದೆ. ನಮ್ಮೂರಿನ ಅಂಗಡಿಯಲ್ಲಿ ಬೀಡಿ, ಬೆಲ್ಲ, ಮಾತ್ರೆ ಎಲ್ಲ ಒಂದೇ ಕಪಾಟಿನಲ್ಲಿರುತ್ತವೆ. ನುಂಗಿ ಅಟ್ಟಣೆ ಹತ್ತಿದೆ. ಮೂಗು ಒಣಗಿತು. ಮೂಗಿನ ಜೊತೆಗೆ ಅವಸರವೂ ಅಡಗಿತು. ಆ ರಾತ್ರಿ ನಾನು ಒಂದು ಸಲವೂ ಇಳಿಯಲಿಲ್ಲ. ಇಳಿದವನು ರಾಜಪ್ಪ! ಟಾರ್ಚು ಹಿಡಿದು ನಿಂತವನು ನಾನು. ಆ ಖುಷಿಯನ್ನು ಈಗಲೂ ಮರೆಯಲಾರೆ.

ಬೆಳಿಗ್ಗೆ ಟೀ ಅಂಗಡಿಯಲ್ಲಿ ಅಕ್ಕಪಕ್ಕದ ಅಟ್ಟಣೆಯವರಿಗೆಲ್ಲ ಸುದ್ದಿ ಹೇಳಿದೆ. "ಅದ್ಯಾವ್ ಮಾತ್ರೆ ಕಣಣ್ಣ, ನಮ್ಗೂವೆ ತೋರ್ಸು" ಎಂದು ಮುತ್ತಿಕೊಂಡರು. ಅದಕ್ಕೆ ಅಟ್ಟಣೆ ಮಾತ್ರೆ ಎಂದು ಹೆಸರನ್ನೂ ಇಟ್ಟರು. ನಾನು ಹೆಮ್ಮೆಯಿಂದ ಬೀಗಿ, ಜ್ವರಕ್ಕೊಂದು, ಅಟ್ಟಣೆಗೊಂದು ಎಂದು ಎರಡೆರಡು ನುಂಗತೊಡಗಿದೆ. ಹಗಲಲ್ಲೂ ಉಚ್ಚೆ ಸಣ್ಣಗೆ, ತಡೆತಡೆದು ಬರುತ್ತಿತ್ತು. ಕಾಯಿಲೆ ವಾಸಿಯಾಗುತ್ತಿದೆ ಅಂದುಕೊಂಡೆ. ಆನೆ ಕಾಯುವವರನ್ನು ಬಿಟ್ಟರೆ ಭೂಮಿಯ ಮೇಲೆ ಇನ್ಯಾರೂ ಇಂಥ ಲೆಕ್ಕ ಹಾಕಲಾರರು.

ಒಂದು ಬೆಳಿಗ್ಗೆ ಅಟ್ಟಣೆ ಇಳಿದು, ದೂರದ ಬೇವಿನ ಮರದ ಹಿಂದೆ ಹೋಗಿ ನಿಂತೆ. ಬರಲಿಲ್ಲ. ಹೊಟ್ಟೆಯ ಕೆಳಗೆ ಬಿಗಿದುಕೊಂಡು ನೋಯುತ್ತಿದೆ, ಒಳಗೆ ತುಂಬಿದೆ ಎಂದು ಗೊತ್ತಾಗುತ್ತಿದೆ, ಒಂದು ಹನಿ ಇಲ್ಲ. ಮುಕ್ಕರಿದೆ, ಕೂತೆ, ಎದ್ದೆ. ಮರಕ್ಕೆ ಹಣೆ ಒತ್ತಿ ನಿಂತೆ. ಬೆವರು ಸುರಿಯಿತು, ಉಚ್ಚೆ ಮಾತ್ರ ಇಲ್ಲ.

ಮನೆಗೆ ಬಂದು ಹೆಂಡತಿ ಗೌರಿಗೆ ಹೇಳಿದೆ. ಅವಳು ಹೆದರುವ ಹೆಂಗಸಲ್ಲ. "ಉಷ್ಣ ಆಗದೆ, ಅಷ್ಟೆಯ" ಎಂದು ಜೀರಿಗೆ ನೀರು ಕುಡಿಸಿದಳು. ಪಕ್ಕದ ಮನೆಯ ದೊಡ್ಡಮ್ಮ ಎಳನೀರು ತಂದಳು. ಇನ್ಯಾರೋ ಮಜ್ಜಿಗೆ ತಂದರು. ಕೆಮ್ಮು ಇರುವವನಿಗೆ ಮಜ್ಜಿಗೆ ಕೊಟ್ಟರೆ ಶೀತವಾಗುತ್ತದೆ ಎಂದು ಮತ್ತೊಬ್ಬರು ಬಿಸಿ ಬಿಸಿ ಮೆಣಸಿನ ಕಷಾಯ ತಂದರು. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವುದು ಹೇಗೆ? ಎಲ್ಲವನ್ನೂ ಕುಡಿದೆ. ತೂಬು ಕಟ್ಟಿದ ಕೆರೆಗೆ ಊರಿನವರೆಲ್ಲ ಸೇರಿ ಕೊಡಗಟ್ಟಲೆ ನೀರು ಸುರಿದ ಹಾಗಾಯಿತು. ಬಿಸಿಲೇರುವ ಹೊತ್ತಿಗೆ ನಾನು ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದೆ.

ರಾಜಪ್ಪ ತನ್ನ ಕೋಸಿನ ಗಾಡಿ ತಂದ. ಕೋಸಿನ ಮೂಟೆಗಳ ಮೇಲೆ ನನ್ನನ್ನು ಮಲಗಿಸಿ ತಾಳವಾಡಿಗೆ ಹೊರಟರು. ಆ ರಸ್ತೆಯ ಒಂದೊಂದು ಹಳ್ಳವೂ ನನ್ನ ಹೊಟ್ಟೆಗೇ ಬಂದು ಹೊಡೆಯಿತು. "ನಿಧಾನ ಓಡ್ಸ್ಲಾ" ಎಂದು ಕೂಗಿದರೆ ನಿಧಾನ ಮಾಡುತ್ತಿದ್ದ, "ಬೇಗ ಓಗ್ಲಾ, ಸಾಯ್ತೀನಿ" ಎಂದರೆ ಬೇಗ ಓಡಿಸುತ್ತಿದ್ದ. ಕೊನೆಗೆ ಅವನೇ ಗಾಡಿ ನಿಲ್ಲಿಸಿ ಅಳುವ ಮುಖ ಮಾಡಿಕೊಂಡು, "ಯಾವ್ದಾರ ಒಂದ್ ಏಳು ಕಣ್ಲಾ" ಅಂದ.

ತಾಳವಾಡಿ ಆಸ್ಪತ್ರೆಯಲ್ಲಿ ಟ್ಯೂಬು ಹಾಕಿದರು. ಹಾಕುವಾಗಿನ ನೋವನ್ನು ವರ್ಣಿಸುವುದಿಲ್ಲ, ಅದು ಕ್ಷಣದ ಮಾತು. ಆಮೇಲೆ ಬಂದ ಸುಖವನ್ನು ಹೇಳುತ್ತೇನೆ. ಕಟ್ಟಿದ್ದದ್ದೆಲ್ಲ ಟ್ಯೂಬಿನಲ್ಲಿ ಇಳಿದು ಚೀಲ ತುಂಬುತ್ತಾ ಹೋಯಿತು, ನನ್ನ ಕಣ್ಣಿಂದ ನೀರು ಸುರಿಯಿತು. "ನಮ್ಮ ಮದ್ವೆ ದಿನಾನೂ ಇಷ್ಟು ಸಂತೋಸ ಆಗಿರ್ನಿಲ್ಲ" ಅಂದೆ. ಗೌರಿ ನರ್ಸಮ್ಮನ ಎದುರು ನನ್ನ ತೋಳು ಚಿವುಟಿದಳು.

ಸುಖ ಅಲ್ಲಿಗೇ ಮುಗಿಯಿತು. ಟ್ಯೂಬು ಹಾಗೇ ಇರಲಿ, ಕೆಳಗೆ ಸತ್ಯಮಂಗಲಕ್ಕೆ ಹೋಗಿ ಮೂತ್ರದ ಡಾಕ್ಟರನ್ನು ನೋಡಿ ಅಂದರು. ಚೀಲದ ಸಮೇತ ಮನೆಗೆ ಬಂದೆ. ಅದನ್ನು ತೊಡೆಗೆ ಕಟ್ಟಿ ಪಂಚೆ ಮುಚ್ಚಿಕೊಂಡರೂ ನಡೆದಾಗ ತುಳುಕುವ ಶಬ್ದ. ನಾನು ಲಿಂಗ ಕಟ್ಟಿಕೊಂಡವನು, ದಿನಾ ಬೆಳಿಗ್ಗೆ ಅಂಗೈ ಮೇಲೆ ಇಟ್ಟು ಪೂಜೆ ಮಾಡುವವನು. ಉಚ್ಚೆ ಚೀಲ ಕಟ್ಟಿಕೊಂಡು ಪೂಜೆಗೆ ಕೂರುವುದು ಹೇಗೆ ಎಂದು ಬಿಟ್ಟುಬಿಟ್ಟೆ. ಗೌರಿ ಅದನ್ನು ನೋಡಿ ಪೂಜೆಯ ತಟ್ಟೆ ತಂದು ಎದುರಿಗಿಟ್ಟಳು.

"ಎತ್ರೂ ಸೂತ್ಕ ಇಲ್ಲ, ಸತ್ರೂ ಸೂತ್ಕ ಇಲ್ಲ ನಮ್ಗೆ. ಉಚ್ಚೆ ಚೀಲಕ್ಕೆ ಎಲ್ಲಿಂದ ತಂದ್ರಿ ಸೂತ್ಕವ? ಕುಂತ್ಕಳ್ಳಿ ಸುಮ್ಕೆ."

ಕೂತೆ. ಅಂಗೈಯಲ್ಲಿ ಲಿಂಗ ಹಿಡಿದು ನಾನು ಬೇಡಿಕೊಂಡದ್ದು ಮೋಕ್ಷವನ್ನಲ್ಲ. ನಿಂತುಕೊಂಡು, ನನ್ನಷ್ಟಕ್ಕೆ ನಾನು, ಒಂದು ಸಲ ಉಚ್ಚೆ ಹೊಯ್ಯುವ ಹಾಗೆ ಮಾಡಪ್ಪಾ ಎಂದು ಕೇಳಿಕೊಂಡೆ. ಇದೇ ಟ್ಯೂಬಿನಲ್ಲಿ ಬದುಕು ಮುಗಿದುಬಿಟ್ಟರೆ ಎಂಬ ಭಯ ಎದೆಯಲ್ಲಿ ಕೂತುಬಿಟ್ಟಿತ್ತು. ರಾಜಪ್ಪ ಒಬ್ಬನೇ ಎರಡೂ ಹೊಲ ಕಾಯುತ್ತಿದ್ದ. ನನ್ನ ಬದಲಿಗೆ ಬೇರೊಬ್ಬನನ್ನು ಕರೆದುಕೋ ಎಂದರೆ, "ಬ್ಯಾರೆಯವ್ರ್ ಗೊರಕೆ ನಂಗ್ ಆಗಕಿಲ್ಲ" ಎಂದು ಜಾರಿಕೊಂಡ.

ಸತ್ಯಮಂಗಲದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಂಡಸರ ಈ ಕಾಯಿಲೆಗೆ ಹೆಂಗಸು ಡಾಕ್ಟರೇ ಎಂದು ಒಳಗೆ ಹೋಗುವಾಗ ಕಾಲು ಹಿಂದೆಗೆಯಿತು. ಆಕೆ ನನ್ನ ಕಥೆಯನ್ನೆಲ್ಲ ತಮಿಳಿನಲ್ಲಿ ಕೇಳಿದಳು. ಶೀತಜ್ವರದ ವೈರಸ್ಸು ಕೆಲವರಿಗೆ ಮೂತ್ರದ ಕಡೆಗೂ ಕಾಟ ಕೊಡುವುದುಂಟು, ನಿಮ್ಮ ವಯಸ್ಸಿಗೆ ಆ ದಾರಿ ಮೊದಲೇ ಇಕ್ಕಟ್ಟಾಗಿರುತ್ತದೆ ಎಂದಳು. ಮಾತ್ರೆ ಯಾವುದು, ಎಷ್ಟು ತಗೊಂಡಿರಿ ಎಂದು ಕೇಳಿದಾಗ ನಾನು ಅಟ್ಟಣೆಯ ಸಾಹಸವನ್ನು ವಿವರವಾಗಿ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಯ್ಯಾ, ಅಡಗಿದ್ದು ಕಾಯಿಲೆಯಲ್ಲ. ಆ ಮಾತ್ರೆ ನಿಮ್ಮ ಮೂತ್ರದ ಬಾಗಿಲನ್ನೇ ಬಿಗಿದು ಹಾಕಿದೆ" ಎಂದಳು. ಆಮೇಲೆ ನಗು ತಡೆಯಲಾರದೆ ನಕ್ಕಳು, ನಾನೂ ನಕ್ಕೆ. ಆ ನಗುವಿನಿಂದಲೇ ನನ್ನ ಅರ್ಧ ನಾಚಿಕೆ ಹೋಯಿತು. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ, ಭಯಪಡುವ ಗಡ್ಡೆ ಏನೂ ಕಾಣುತ್ತಿಲ್ಲ ಎಂದೂ ಹೇಳಿದಳು. ಕ್ಯಾನ್ಸರು ಎಂಬ ಪದವನ್ನು ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ. ಗೌರಿ ಮಾತ್ರ ಹೊರಗೆ ಬಂದು ಗೋಡೆಗೆ ಒರಗಿ ಕೂತು ಸ್ವಲ್ಪ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಅವತ್ತೇ ಟ್ಯೂಬು ತೆಗೆದು ನೋಡಿದರು. ಬರಲಿಲ್ಲ. ಸಂಜೆಯೊಳಗೆ ಮತ್ತೆ ಟ್ಯೂಬು ಹಾಕಿ, ಬಾಗಿಲು ಸಡಿಲವಾಗಲು ಬೇರೆ ಮಾತ್ರೆ ಕೊಟ್ಟು ಕಳಿಸಿದರು. ಇನ್ನೊಂದು ಸಲ ನೋಡೋಣ, ಅದರಲ್ಲೂ ಆಗದಿದ್ದರೆ ಆಪರೇಷನ್ ಎಂದಳು ಡಾಕ್ಟರಮ್ಮ. ಚೀಲದ ಸಮೇತ ಮತ್ತೆ ಬಸ್ಸು ಹತ್ತಿ ಮನೆಗೆ ಬಂದೆವು.

ಎರಡನೇ ಸಲ ಹೊರಡುವ ಹೊತ್ತಿಗೆ ಜ್ವರ, ಕೆಮ್ಮು ಎಲ್ಲ ಬಿಟ್ಟಿತ್ತು. ಈ ಸಲ ಗೌರಿ ಒಂದು ಉಪಾಯ ಮಾಡಿದ್ದಳು. ತಮಿಳರ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಡುವ ಹಳದಿ ಬಟ್ಟೆ ಚೀಲ ಇದೆಯಲ್ಲ, ನಾವು ಮಂಜಪೈ ಅನ್ನುತ್ತೇವೆ, ಅದರೊಳಗೆ ಉಚ್ಚೆ ಚೀಲವನ್ನು ಇಳಿಬಿಟ್ಟು ನನ್ನ ಕೈಗೆ ಕೊಟ್ಟಳು. ನೋಡುವವರಿಗೆ ನಾನು ಯಾವುದೋ ಮದುವೆ ಊಟ ಮುಗಿಸಿ ಬರುತ್ತಿರುವ ಗೌಡ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಗೆಟ್ಟವಾಡಿಯ ದೂರದ ನೆಂಟಳು. ಚೀಲವನ್ನೇ ನೋಡಿ ನೋಡಿ, "ಏನಣ್ಣ, ಜೇನ್ತುಪ್ಪ ತಕಂಡ್ ಓಯ್ತಿದ್ದೀಯ? ಅಂಗೆ ಜೋಪಾನ್ವಾಗ್ ಇಡ್ಕಂಡಿದ್ದೀಯ?" ಅಂದಳು. ಗೌರಿ ಕಿಟಕಿಯ ಕಡೆ ತಿರುಗಿಕೊಂಡು ಕೆಮ್ಮಿದಳು. ನಾನು "ಊಂ ಕಣವ್ವ, ಡಾಕ್ಟ್ರಿಗೆ" ಅಂದುಬಿಟ್ಟೆ. ನೆಂಟಳಿಗೆ ನನ್ನ ಮೇಲೆ ಗೌರವ ಬಂದಂತೆ ಕಂಡಿತು.

ದಿಂಬಂನಲ್ಲಿ ಬಸ್ಸು ಟೀಗೆ ನಿಂತಿತು. ಘಾಟಿ ಇಳಿಯುವ ಮುಂಚೆ ಗಂಡಸರೆಲ್ಲ ಓಡಿಹೋಗಿ ಕಣಿವೆಯ ಕಡೆ ಮುಖ ಮಾಡಿ ಸಾಲಾಗಿ ನಿಂತರು. ಮುದುಕರು, ಹುಡುಗರು, ಡ್ರೈವರು, ಕಂಡಕ್ಟರು. ಒಬ್ಬನು ಬೀಡಿ ಸೇದುತ್ತಾ, ಇನ್ನೊಬ್ಬನು ಫೋನಿನಲ್ಲಿ ಜಗಳವಾಡುತ್ತಾ, ಅದೊಂದು ಕೆಲಸವೇ ಅಲ್ಲ ಎಂಬಂತೆ ಮುಗಿಸಿ ಬಂದರು. ನಾನು ಮಂಜಪೈ ತೊಡೆಯ ಮೇಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದೆ. ಪಕ್ಕದವನ ಬೋರಿನಲ್ಲಿ ನೀರು ಬಿದ್ದಾಗಲೂ ನನಗೆ ಅಷ್ಟು ಹೊಟ್ಟೆಕಿಚ್ಚು ಬಂದಿರಲಿಲ್ಲ. ದುಃಖ ಉಕ್ಕಿ ಬಂತು. ಗೌರಿ ತನ್ನ ಟೀಯಲ್ಲಿ ಅರ್ಧ ನನ್ನ ಕೈಗಿಟ್ಟಳು.

ಆಸ್ಪತ್ರೆಯ ಬೆಂಚಿನ ಮೇಲೆ ಅವತ್ತು ಟ್ಯೂಬಿನವರದೇ ಸಾಲು. ಒಬ್ಬರಿಗೊಬ್ಬರು ಮೊದಲು ಕಣ್ಣು ತಪ್ಪಿಸುತ್ತಿದ್ದೆವು. ನನ್ನ ಪಕ್ಕದಲ್ಲಿ ಭವಾನಿ ಕಡೆಯ ಒಬ್ಬ ಮುದುಕರು, ನೇಯ್ಗೆಯವರು, ಜಮಖಾನ ನೇಯುತ್ತಿದ್ದವರಂತೆ. ಅವರ ಕೈಯಲ್ಲೂ ಒಂದು ಮಂಜಪೈ. ನನ್ನ ಚೀಲ ನೋಡಿದರು, ತಮ್ಮ ಚೀಲ ನೋಡಿಕೊಂಡರು, ಇಬ್ಬರಿಗೂ ನಗು ಬಂತು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ಅವರಿಗೂ ಜ್ವರ, ಕೆಮ್ಮಿನ ಹಿಂದೆಯೇ ಕಟ್ಟಿಕೊಂಡದ್ದು. ಅವರಿಗೂ ಇದು ಎರಡನೇ ಸಲ, ಇದು ತಪ್ಪಿದರೆ ಆಪರೇಷನ್. ಮಕ್ಕಳಿಗೆ ಹೇಳಲು ನಾಚಿಕೆಯಾಗಿ ಬಹಳ ಹೊತ್ತು ಒಬ್ಬರೇ ಮಗ್ಗದ ಕೋಣೆಯಲ್ಲಿ ನರಳಿದರಂತೆ. "ನನಗೊಬ್ಬನಿಗೇ ಹೀಗೆ ಅಂದುಕೊಂಡಿದ್ದೆ" ಎಂದು ತಮಿಳಿನಲ್ಲಿ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ ಎಂದೆ. ಅಷ್ಟು ಹೇಳಿಕೊಂಡದ್ದೇ ನಮಗಿಬ್ಬರಿಗೂ ದೊಡ್ಡ ಸಮಾಧಾನವಾಯಿತು.

ಇಬ್ಬರಿಗೂ ಟ್ಯೂಬು ತೆಗೆದರು. ನೀರು ಕುಡಿಯಿರಿ, ಓಡಾಡಿ, ಬಂದಾಗ ಒಳಗೆ ಹೋಗಿ ಎಂದರು. ಕುಡಿದೆವು, ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆವು. ಮಧ್ಯಾಹ್ನದ ಹೊತ್ತಿಗೆ ನನಗೆ ಕೆಳಹೊಟ್ಟೆ ಬಿಗಿಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಿಂತೆ.

ಏನೂ ಇಲ್ಲ. ನಲ್ಲಿ ತಿರುಗಿಸಿದೆ, ನೀರು ಸುರಿಯುವ ಸದ್ದಿಗೂ ಬರಲಿಲ್ಲ. ಮುಕ್ಕರಿದೆ, ಇನ್ನಷ್ಟು ಬಿಗಿಯಿತು. ಹೊರಗೆ ಯಾರೋ ಬಾಗಿಲು ತಟ್ಟಿ, ಇನ್ನೂ ಎಷ್ಟು ಹೊತ್ತು ಎಂದರು. ಬೇವಿನ ಮರದ ಹಿಂದಿನ ಬೆಳಗು ನೆನಪಾಯಿತು. ಮುಗಿಯಿತು, ಇನ್ನು ಕೊಯ್ಯುವುದೇ ಎಂದುಕೊಂಡೆ.

ಆಗ ಬಾಗಿಲಾಚೆಯಿಂದ ಒಂದು ಶಿಳ್ಳೆ ಕೇಳಿಸಿತು. ಸಣ್ಣಗೆ, ಉದ್ದಕ್ಕೆ, ಎಳೆದೆಳೆದು.

ನೇಗಿಲು ಹಿಡಿದವರಿಗೆ ಆ ಶಿಳ್ಳೆ ಗೊತ್ತು. ಉಳುವಾಗ ಎತ್ತು ಉಚ್ಚೆ ಹೊಯ್ಯಲು ನಿಂತರೆ ನಾವು ಅದನ್ನು ಚಾವಟಿಯಿಂದ ಮುಟ್ಟುವುದಿಲ್ಲ, ಗದರುವುದಿಲ್ಲ. ನೇಗಿಲು ನಿಲ್ಲಿಸಿ, ಹಿಂದೆ ನಿಂತು, ಮೆಲ್ಲಗೆ ಶಿಳ್ಳೆ ಹಾಕುತ್ತೇವೆ. ಅವಸರವಿಲ್ಲ, ಮುಗಿಸಿಕೋ, ನಾನು ಕಾಯುತ್ತೇನೆ ಎಂದು ಎತ್ತಿಗೆ ಹೇಳುವ ಮಾತು ಅದು. ಎಷ್ಟೇ ಕೆಲಸವಿರಲಿ, ಮಳೆ ನೆತ್ತಿಯ ಮೇಲಿರಲಿ, ಆ ಹೊತ್ತಿನಲ್ಲಿ ಎತ್ತನ್ನು ಯಾರೂ ಆತುರಪಡಿಸುವುದಿಲ್ಲ.

ಶಿಳ್ಳೆ ಗೌರಿಯದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹುಟ್ಟಿ ಅಪ್ಪನ ಜೊತೆ ಉತ್ತವಳು, ಅವಳಿಗೆ ಶಿಳ್ಳೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಮದುವೆಯಾದ ಮೇಲೆ ಮಾತ್ರ ಒಂದು ಸಲವೂ ಹಾಕಿದ್ದನ್ನು ಕೇಳಿರಲಿಲ್ಲ. ಈಗ ಊರಲ್ಲದ ಊರಿನಲ್ಲಿ, ಅಷ್ಟು ಜನ ಗಂಡಸರ ಮಧ್ಯೆ, ಆಸ್ಪತ್ರೆಯ ಕಕ್ಕಸಿನ ಬಾಗಿಲಲ್ಲಿ ನಿಂತು ಹಾಕುತ್ತಿದ್ದಳು. ನನಗೆ ಮೊದಲು ನಗು ಬಂತು, ಗೋಡೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅಳುತ್ತಿರುವಾಗಲೇ ಒಳಗೆ ಬಿಗಿದದ್ದೇನೋ ಸಡಿಲವಾಯಿತು.

ಮೊದಲು ಹನಿ. ಆಮೇಲೆ ದಾರದಷ್ಟು. ಆಮೇಲೆ ಧಾರೆ! ಸಿಮೆಂಟಿನ ಮೇಲೆ ಬಿದ್ದ ಆ ಸದ್ದು ವರಾಂಡಕ್ಕೆಲ್ಲ ಕೇಳಿಸಿತೆಂದು ಆಮೇಲೆ ಹೇಳಿದರು. ಕೇಳಿಸಲಿ ಎಂದೇ ನಾನು ನಲ್ಲಿ ನಿಲ್ಲಿಸಿದೆ. ಮಾದಪ್ಪಾ, ಮಾದಪ್ಪಾ ಎಂದು ಗಟ್ಟಿಯಾಗಿ ಕೂಗಿದೆ. ಗೌರಿ ಶಿಳ್ಳೆ ನಿಲ್ಲಿಸಲಿಲ್ಲ, ಎತ್ತು ಮುಗಿಸುವ ಮುಂಚೆ ನಿಲ್ಲಿಸುವ ಪದ್ಧತಿ ಇಲ್ಲ. ಕೊನೆಯ ಹನಿ ಬೀಳುವವರೆಗೂ ಹಾಕಿದಳು.

ಬಾಗಿಲು ತೆಗೆದು ಹೊರಗೆ ಬಂದೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಗೌರಿ ನಾಚಿ ಕೆಂಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಪೂರ್ತಿ ಆಯ್ತಾ?" ಎಂದಳು.

"ಪೂರ್ತಿ" ಎಂದೆ. ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಅದನ್ನೇ ಹೇಳಿದಳು. ಟ್ಯೂಬು ಬೇಡ, ಆಪರೇಷನ್ನೂ ಬೇಡ, ಮಾತ್ರೆ ಮುಂದುವರಿಸಿ, ಮನೆಗೆ ಹೋಗಿ. ನಾನು ಆ ಹೆಣ್ಣುಮಗಳಿಗೆ ಎರಡೂ ಕೈ ಎತ್ತಿ ಮುಗಿದೆ.

ವರಾಂಡಕ್ಕೆ ಬಂದು ಹೊರಡಲು ಸಿದ್ಧರಾದೆವು. ಅಷ್ಟರಲ್ಲಿ ನೇಯ್ಗೆಯ ಮುದುಕರು ಗೋಡೆ ಹಿಡಿದುಕೊಂಡು ಅದೇ ಬಾಗಿಲ ಕಡೆ ನಡೆಯುತ್ತಿದ್ದರು. ಮುಖ ಬೆವತಿತ್ತು. ಒಳಗೆ ಹೆಜ್ಜೆ ಇಟ್ಟವರು ನಿಂತು ಹಿಂದಿರುಗಿ ನೋಡಿದರು. ನನ್ನನ್ನಲ್ಲ, ಗೌರಿಯನ್ನು.

"ಅಮ್ಮಾ, ಎನಕ್ಕುಂ ಕೊಂಜಂ..." ಎಂದರು. ಅಮ್ಮಾ, ನನಗೂ ಸ್ವಲ್ಪ.

ಗೌರಿ ನನ್ನ ಮುಖ ನೋಡಿದಳು. ನಾನು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡು ಪಕ್ಕಕ್ಕೆ ಸರಿದೆ. ಮುದುಕರು ಬಾಗಿಲು ಹಾಕಿಕೊಳ್ಳುವವರೆಗೆ ಅವಳು ಕಾದು, ಹತ್ತಿರ ಹೋಗಿ ನಿಂತು, ಶಿಳ್ಳೆ ಶುರುಮಾಡಿದಳು.